ನಾಲ್ಕಡಿ ಹಲಗೆ ಮೇಲೆ ಹಳೇ ಕೈಗಳ ಕೆಲಸ

ನನ್ನ ಮಾದರಿ ರೈಲಿನ ಲೇಔಟ್, ಅಂದರೆ ಹಲಗೆ ಮೇಲೆ ಕಟ್ಟಿದ ಪುಟ್ಟ ರೈಲ್ವೆ, ನಾಲ್ಕಡಿ ಉದ್ದ, ಒಂದಡಿ ಅಗಲ. ಮೂರು ಹಳಿ, ಎರಡು ಪಾಯಿಂಟ್ಸು (ಹಳಿ ಕವಲೊಡೆಯುವ ಜಾಗ), ಒಂದು ಗೂಡ್ಸ್ ಶೆಡ್ಡು, ಒಂದು ಡೀಸೆಲ್ ಇಂಜಿನ್ನು, ಎಂಟು ಡಬ್ಬಿ. ಅಷ್ಟೇ. ನೋಡಲು ಬಂದವರು "ಇದೆಲ್ಲ ಹೇಗೆ ಹೊಳೀತು ನಿಮಗೆ?" ಅಂತ ಕೇಳುತ್ತಾರೆ. ಹೊಳೆದದ್ದು ಕಡಿಮೆ, ಕದ್ದದ್ದು ಜಾಸ್ತಿ. ಗುಡ್ಡ ಕಟ್ಟುವ ರೀತಿ ಒಬ್ಬರದ್ದು, ಡಬ್ಬಿಗೆ ಧೂಳು ಬಳಿಯುವುದು ಇನ್ನೊಬ್ಬರದ್ದು, ಹಳಿ ಹಾಕಿದ ಕ್ರಮ ಮತ್ತೊಬ್ಬರದ್ದು. ಹೆಚ್ಚಿನವರು ಅಮೆರಿಕ, ಇಂಗ್ಲೆಂಡಿನವರು. ಅವರಲ್ಲಿ ಬಹಳ ಜನ ಈಗಿಲ್ಲ, ಅವರ ಲೇಔಟ್‌ಗಳಲ್ಲೂ ಎಷ್ಟೋ ಉಳಿದಿಲ್ಲ. ಕೆಲಸ ಮಾಡುವಾಗ ಯಾವ ಜಾಗದಲ್ಲಿ ಯಾರು ನೆನಪಾದರು ಅಂತ ಬರೆಯುತ್ತಿದ್ದೇನೆ. ಹೊಸದಾಗಿ ಕೈ ಹಾಕುವವರಿಗೆ ಒಂದಿಷ್ಟು ಉಪಯೋಗವಾದೀತು.

ಮೊದಲು ಜಾಗದ ಮಾತು. ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲಾಟ್‌ನಲ್ಲಿ ರೈಲಿಗೆ ಎಲ್ಲಿಂದ ಜಾಗ ತರುವುದು? ಅಮೆರಿಕದವರಿಗೆ ನೆಲಮಾಳಿಗೆ ಇದೆ. ನಮಗಿರುವುದು ಯುಟಿಲಿಟಿ ಬಾಲ್ಕನಿ. ಅಲ್ಲೂ ವಾಷಿಂಗ್ ಮೆಷಿನ್ ಕೂತಿರುತ್ತದೆ.

ಮೇರಿಲ್ಯಾಂಡ್‌ನ ಸಿಲ್ವರ್ ಸ್ಪ್ರಿಂಗ್‌ನಲ್ಲಿ ಜಾನ್ ಆರ್ಮ್‌ಸ್ಟ್ರಾಂಗ್ ಅಂತ ಒಬ್ಬ ಎಂಜಿನಿಯರ್ ಇದ್ದರು. ಅವರ ಸ್ವಂತ ಲೇಔಟ್ ಕ್ಯಾನನ್‌ಡೈಗ್ವಾ ಸದರ್ನ್, ಓ ಸ್ಕೇಲ್ ಎಂಬ ದೊಡ್ಡ ಅಳತೆಯದು. ಆದರೆ ಹೆಸರು ಬಂದದ್ದು ಬೇರೆಯವರಿಗೆ ಹಳಿಯ ನಕ್ಷೆ ಹಾಕಿಕೊಟ್ಟದ್ದಕ್ಕೆ. 1963ರಲ್ಲಿ ಬಂದ ಅವರ ಪುಸ್ತಕ ಇವತ್ತಿಗೂ ಈ ಹವ್ಯಾಸದವರ ಮೇಜಿನ ಮೇಲಿದೆ. ಅವರ ಪದ್ಧತಿ ಸರಳ. ಪೆನ್ಸಿಲ್ ಹಿಡಿಯುವ ಮೊದಲೇ ಎರಡು ಪಟ್ಟಿ ಮಾಡಬೇಕು. ಒಂದರಲ್ಲಿ ಬದಲಾಯಿಸಲಾಗದ ಸಂಗತಿ: ಗೋಡೆ, ಕಿಟಕಿ, ಬಾಗಿಲು, ದುಡ್ಡು. ಇನ್ನೊಂದರಲ್ಲಿ ನಮ್ಮ ಆಸೆ. ನನ್ನ ಮೊದಲ ಪಟ್ಟಿಯಲ್ಲಿ ಪುಸ್ತಕದ ಕಪಾಟಿನ ಮೇಲ್ಭಾಗ ಇತ್ತು, ಮನೆಯವಳ ಒಂದು ಷರತ್ತೂ ಇತ್ತು. "ರೀ, ಹಬ್ಬಕ್ಕೆ ಜನ ಬಂದಾಗ ಇದು ಎತ್ತಿ ಒಳಗಿಡೋ ಹಾಗಿರಬೇಕು." ಎರಡನೇ ಪಟ್ಟಿಯಲ್ಲಿದ್ದ ದೂಧ್‌ಸಾಗರ, ಬ್ರಗಾಂಜಾ ಘಾಟಿನ 1:37ರ ಏರು, ಹಿಂದೆ ಮುಂದೆ ಇಂಜಿನ್ ಕಟ್ಟಿದ ಉದ್ದದ ರೈಲು, ಎಲ್ಲಾ ಆ ಒಂದೇ ಷರತ್ತಿಗೆ ಬಿದ್ದುಹೋದವು. ಒಂದು ಸಣ್ಣ ಮೀಟರ್ ಗೇಜ್ ಸ್ಟೇಷನ್ ಮಾತ್ರ ಉಳಿಯಿತು.

ಚೌಕಟ್ಟು ಮಾಡಿದ್ದು ನಮ್ಮ ಬಡಾವಣೆಯ ಬಡಗಿ. ಒಳ್ಳೇ ಪ್ಲೈವುಡ್ಡು, ಕೆಳಗೆ ಅಡ್ಡಪಟ್ಟಿ, ಹಿಂದೆ ಮತ್ತು ಎರಡು ಪಕ್ಕ ಗೋಡೆ, ಮುಂದೆ ಖಾಲಿ. ಅಳತೆ ಕೇಳಿ ಅವನು "ದೇವರ ಮನೆಗಾ ಸಾರ್?" ಅಂದ. ಹೂಂ ಅಂದುಬಿಟ್ಟೆ. ಫಿನಿಶಿಂಗ್ ಚೆನ್ನಾಗಿ ಕೊಟ್ಟ.

ಮುಂದೆ ಖಾಲಿ ಬಿಟ್ಟು ಮೂರು ಕಡೆ ಮುಚ್ಚಿದ್ದು ಸುಮ್ನೆ ಅಲ್ಲ. ಇಲ್ಲಿ ನೆನಪಾಗಬೇಕಾದವರು ನ್ಯೂ ಆರ್ಲಿಯನ್ಸ್‌ನ ಫ್ರಾಂಕ್ ಎಲಿಸನ್, ಡೆಲ್ಟಾ ಲೈನ್ಸ್ ಕಟ್ಟಿದವರು. ರಂಗಭೂಮಿಯ ಗಾಳಿ ಕಂಡಿದ್ದ ಮನುಷ್ಯ. 1940ರ ದಶಕದಲ್ಲಿ ಅವರು ಬರೆದ ಲೇಖನಗಳ ತಿರುಳು ಇಷ್ಟು: ಲೇಔಟ್ ಅಂದರೆ ರಂಗಸ್ಥಳ, ರೈಲುಗಳು ಪಾತ್ರಧಾರಿಗಳು, ಟೈಮ್‌ಟೇಬಲ್ಲೇ ಕಥೆ. ಅದುವರೆಗೆ ಬಹಳ ಜನಕ್ಕೆ ಆಟದ ರೈಲು ಅಂದರೆ ಸುತ್ತು ಹೊಡೆಯುವ ರೈಲು. ಎಲಿಸನ್ ಅದಕ್ಕೊಂದು ಕೆಲಸ ಕೊಟ್ಟರು. ಡಬ್ಬಿ ಯಾಕೆ ಹೊರಟಿತು, ಎಲ್ಲಿಗೆ ಹೋಗಬೇಕು, ಯಾವಾಗ ಹೋಗಬೇಕು ಅಂತ ಕೇಳುವಂತೆ ಮಾಡಿದರು. ಕಂಪನಿ ನಾಟಕ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಾತ್ರ ಸೈಡ್ ವಿಂಗ್‌ನಿಂದ ಬರಬೇಕು, ತನ್ನ ಕೆಲಸ ಮುಗಿಸಿ ಸೈಡ್ ವಿಂಗ್‌ಗೇ ಹೋಗಬೇಕು. ನನ್ನ ಪೆಟ್ಟಿಗೆಯ ಎಡಗೋಡೆಯಲ್ಲಿ ಹಳಿಯ ನೇರಕ್ಕೆ ಒಂದು ಕಂಡಿ ಇದೆ. ಅದಕ್ಕೆ ಅಡ್ಡವಾಗಿ ಒಂದು ರಸ್ತೆ ಸೇತುವೆ. ಕಂಡಿಯ ಆಚೆ ಸದ್ಯಕ್ಕೆ ಏನೂ ಇಲ್ಲ, ಆದರೆ ನೋಡುವವರಿಗೆ ಅದು ಗೊತ್ತಾಗುವುದಿಲ್ಲ.

ಇನ್ನು ಗೇಜಿನ, ಅಂದರೆ ಎರಡು ಕಂಬಿಗಳ ನಡುವಿನ ಅಂತರದ ತಲೆನೋವು. ಭಾರತದ ರೈಲು ಮಾಡಲು ಹೊರಟವರೆಲ್ಲ ಇಲ್ಲಿ ಒಮ್ಮೆ ನಿಂತು ಯೋಚಿಸಲೇಬೇಕು. ಅಂಗಡಿಯಲ್ಲಿ ಸಿಗುವ ಎಚ್‌ಓ ಹಳಿಯ ಅಗಲ 16.5 ಮಿ.ಮೀ. ಸ್ಕೇಲು 1:87, ಅಂದರೆ ನಿಜದ ಅಳತೆಯ 87ರಲ್ಲಿ ಒಂದು ಪಾಲು. ವಿದೇಶದ ಸ್ಟಾಂಡರ್ಡ್ ಗೇಜಿಗೆ ಅದು ಸರಿ. ನಮ್ಮ ಬ್ರಾಡ್ ಗೇಜು 1676 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 19.3 ಮಿ.ಮೀ. ಬರುತ್ತದೆ. ಅಂದರೆ ಎಚ್‌ಓ ಹಳಿ ಮೇಲೆ ನಮ್ಮ ಬ್ರಾಡ್ ಗೇಜ್ ಬೋಗಿ ಇಟ್ಟರೆ ಕಾಲು ಜೋಡಿಸಿ ನಿಂತ ಹಾಗೆ ಕಾಣುತ್ತದೆ. ಒಮ್ಮೆ ಕಣ್ಣಿಗೆ ಬಿದ್ದರೆ ಆಮೇಲೆ ಅದೇ ಕಾಣುವುದು. ಮೀಟರ್ ಗೇಜಿಗೆ ಲೆಕ್ಕ ಹಾಕಿದರೆ 11.5 ಮಿ.ಮೀ. ಸ್ವಿಸ್ ಬೆಟ್ಟದ ರೈಲುಗಳಿಗಾಗಿ 12 ಮಿ.ಮೀ. ಹಳಿಯನ್ನು ಕೆಲವು ಕಂಪನಿಗಳು ಮಾಡುತ್ತವೆ, ಪೀಕೋದವರ ಹಳಿ ಸಿಗುತ್ತದೆ. ಅರ್ಧ ಮಿಲಿಮೀಟರ್ ವ್ಯತ್ಯಾಸ ಯಾರ ಕಣ್ಣಿಗೂ ಕಾಣಲ್ಲ. ಬೀರೂರು–ಶಿವಮೊಗ್ಗ ಮಾರ್ಗದ ಮೀಟರ್ ಗೇಜ್ ಕಾಲವನ್ನು ಆರಿಸಿಕೊಂಡದ್ದಕ್ಕೆ ಪ್ರೀತಿಯೂ ಕಾರಣ, ಈ ಭಾಗಾಕಾರವೂ ಕಾರಣ.

ಇಂಜಿನ್ ವೈಡಿಎಂ-4, ನಮ್ಮ ಮೀಟರ್ ಗೇಜಿನ ಡೀಸೆಲ್. ಇದು 12 ಮಿ.ಮೀ. ಹಳಿಗೆ ರೆಡಿಮೇಡ್ ಸಿಗುವ ಮಾಲಲ್ಲ. ಜರ್ಮನಿ ಕಡೆಯ ಟಿಟಿ ಸ್ಕೇಲಿನ ರೈಲುಗಳು 1:120, ಆದರೆ ಅವು ಓಡುವುದೂ 12 ಮಿ.ಮೀ. ಹಳಿಯ ಮೇಲೇ. ಹಾಗಾಗಿ ಹಳೆಯದೊಂದು ಟಿಟಿ ಇಂಜಿನ್ನಿನ ಕೆಳಭಾಗ ತರಿಸಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಮೈ ಕಟ್ಟಿದೆ. ನಿಜವಾದ ವೈಡಿಎಂ-4ರ ಕೆಳಗಿನ ಒಂದೊಂದು ಚಕ್ರದ ಚೌಕಟ್ಟಿಗೆ ಮೂರು ಆಕ್ಸಲ್. ನನ್ನದಕ್ಕೆ ಎರಡೇ. ಹೊರಗೆ ಮೂರು ಆಕ್ಸಲ್ ಬಾಕ್ಸ್ ಇರುವ ಪಕ್ಕದ ತಟ್ಟೆ ಅಂಟಿಸಿದರೆ ನಡುವಿನ ಚಕ್ರ ಇಲ್ಲದ್ದು ಕತ್ತಲಲ್ಲಿ ಮುಚ್ಚಿಹೋಗುತ್ತದೆ.

ಇದಕ್ಕೆ ಧೈರ್ಯ ಕೊಟ್ಟವರು ಓಹಾಯೋದ ಡೇಟನ್ ಊರಿನ ಆಲನ್ ಮೆಕ್‌ಲೆಲಂಡ್. ಅವರ ವರ್ಜಿನಿಯನ್ ಅಂಡ್ ಓಹಾಯೋ ಕಾಲ್ಪನಿಕ ರೈಲ್ವೆ. ಆದರೆ ಅಪಲೇಚಿಯನ್ ಬೆಟ್ಟಗಳ ಕಲ್ಲಿದ್ದಲು ಸೀಮೆಯಲ್ಲಿ ನಿಜವಾಗಿ ಇತ್ತು ಅಂದರೆ ನಂಬಬೇಕು, ಹಾಗಿತ್ತು. ಅವರ ಒಂದು ಸೂತ್ರ "ಗುಡ್ ಇನಫ್". ಒಂದೇ ಇಂಜಿನ್ನಿನ ಬೋಲ್ಟು ಎಣಿಸುತ್ತಾ ವರ್ಷಗಟ್ಟಲೆ ಕೂರಬೇಡಿ, ಎಲ್ಲವನ್ನೂ ಒಂದು ಒಪ್ಪುವ ಮಟ್ಟಕ್ಕೆ ತನ್ನಿ, ಆಗ ಇಡೀ ಚಿತ್ರ ನಿಲ್ಲುತ್ತದೆ ಅನ್ನುವುದು ಅದರ ಸಾರ. ಸೋಮಾರಿಗಳು ಇದನ್ನು ತಮ್ಮ ಅನುಕೂಲಕ್ಕೆ ಬಳಸಿಕೊಂಡದ್ದೂ ಉಂಟು. ಆದರೆ ಆ ಮಟ್ಟ ಕೆಳಗಿರಲಿ ಅಂತ ಅವರು ಹೇಳಲಿಲ್ಲ.

ಅವರ ಇನ್ನೊಂದು ಯೋಚನೆ ನನಗೆ ಇನ್ನೂ ಇಷ್ಟ. ರೈಲ್ವೆ ನೆಲಮಾಳಿಗೆಯ ಗೋಡೆಗೆ ಮುಗಿಯಬಾರದು, ಆಚೆ ಇಡೀ ದೇಶವಿದೆ ಅಂತ ನಡೆಸಬೇಕು. ನನ್ನ ಸ್ಟೇಷನ್ನಿನ ಹೆಸರು ಹೊನ್ನೆಕೊಪ್ಪ. ತರೀಕೆರೆಗೂ ಭದ್ರಾವತಿಗೂ ನಡುವೆ ಇದೆ ಅಂತ ನಾನೇ ಅಂದುಕೊಂಡ ಊರು, ನಕ್ಷೆಯಲ್ಲಿ ಹುಡುಕಬೇಡಿ. ಇಲ್ಲಿ ಬಿದಿರು ತುಂಬಿದ ಡಬ್ಬಿ ಭದ್ರಾವತಿಯ ಕಾಗದದ ಕಾರ್ಖಾನೆಗೆ ಹೋಗುತ್ತದೆ. ಕಾರ್ಖಾನೆ ನನ್ನ ಹಲಗೆ ಮೇಲಿಲ್ಲ, ಇರಬೇಕಾಗಿಯೂ ಇಲ್ಲ. ಭದ್ರಾವತಿ, ಕಾಗದ, ಬಿದಿರು ಅಂದ ತಕ್ಷಣ ಆ ಕಡೆಯವರಿಗೆ ಉಳಿದದ್ದು ತಾನಾಗೇ ಅರ್ಥವಾಗುತ್ತದೆ. ಬಿದಿರಿನ ಲೋಡಿಗೆ ಊದುಬತ್ತಿ ಕಡ್ಡಿ ಹಾಕಿದ್ದೇನೆ. ಕಡ್ಡಿಯ ದಪ್ಪ ಸುಮಾರು 1.3 ಮಿ.ಮೀ. 87ರಿಂದ ಗುಣಿಸಿದರೆ 11 ಸೆಂ.ಮೀ. ಹೆಬ್ಬಿದಿರಿಗೆ ಸರಿಯಾದ ದಪ್ಪ. ಅದೂ ಬಿದಿರೇ ಅಲ್ವಾ, ಬಣ್ಣ ಹಚ್ಚುವ ಕೆಲಸವೂ ಇಲ್ಲ.

ಗುಡ್ಡಕ್ಕೆ ಹಿಡಿದದ್ದು ಲಿನ್ ವೆಸ್ಟ್‌ಕಾಟ್ ದಾರಿ. ಬಹಳ ಕಾಲ ಮಾಡೆಲ್ ರೈಲ್‌ರೋಡರ್ ಪತ್ರಿಕೆಯ ಸಂಪಾದಕರಾಗಿದ್ದವರು. ಅವರ ಕಾಲಕ್ಕೆ ಮುಂಚೆ ಗುಡ್ಡ ಅಂದರೆ ತಂತಿ ಬಲೆ, ಅದರ ಮೇಲೆ ಗಾರೆ, ಭಾರ, ಗಲೀಜು. ಇವರು ಜನಪ್ರಿಯ ಮಾಡಿದ್ದು ತೆಳು ಚಿಪ್ಪಿನ ಗುಡ್ಡ. ಹಳೇ ಪೇಪರ್ ಉಂಡೆ ಕಟ್ಟಿ ಆಕಾರ ಕೊಡುವುದು, ಗಟ್ಟಿ ಪ್ಲಾಸ್ಟರಿನಲ್ಲಿ ಅದ್ದಿದ ಪೇಪರ್ ಟವೆಲ್ ಅದರ ಮೇಲೆ ಹೊದಿಸುವುದು. ಒಣಗಿದ ಮೇಲೆ ಒಳಗಿನ ಪೇಪರ್ ತೆಗೆದರೂ ಗುಡ್ಡ ನಿಲ್ಲುತ್ತದೆ. ನಾನು ಪೇಪರ್ ಟವೆಲ್ ಬದಲು ಹಳೇ ಪಂಚೆಯ ತುಂಡು ಹಾಕಿದೆ. ಸವೆದ ಹತ್ತಿಬಟ್ಟೆ ಪ್ಲಾಸ್ಟರನ್ನು ಚೆನ್ನಾಗಿ ಹೀರುತ್ತದೆ, ಹರಿಯುವುದಿಲ್ಲ. ಪ್ಲಾಸ್ಟರ್ ಆಫ್ ಪ್ಯಾರಿಸ್ ನಮ್ಮಲ್ಲಿ ಬಲು ಬೇಗ ಗಟ್ಟಿಯಾಗುತ್ತದೆ, ಬಟ್ಟೆ ಹೊದಿಸಿ ಮುಗಿಯುವ ಮೊದಲೇ ಬಟ್ಟಲಲ್ಲಿ ಕಲ್ಲು. ಕಲಸುವ ನೀರಿಗೆ ಕೆಲವು ಹನಿ ನಿಂಬೆರಸ ಹಿಂಡಿದರೆ ಸ್ವಲ್ಪ ಸಮಯ ಸಿಗುತ್ತದೆ. ಹನಿ ಅಂದರೆ ಹನಿಯೇ. ಪಾನಕದ ಲೆಕ್ಕದಲ್ಲಿ ಹಿಂಡಬೇಡಿ, ಆಮೇಲೆ ಅದು ಗಟ್ಟಿಯಾಗುವುದೇ ಇಲ್ಲ.

ಮಣ್ಣು ನಿಜವಾದ ಮಲೆನಾಡ ಕೆಮ್ಮಣ್ಣು. ಒಣಗಿಸಿ, ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ಬಾಣಲೆಯಲ್ಲಿ ಹುರಿದುಕೊಂಡರೆ ಹುಳ ಹುಪ್ಪಟೆ ಇರುವುದಿಲ್ಲ. ಆಮೇಲೆ ಮಾಡಲೇಬೇಕಾದ ಕೆಲಸ ಒಂದಿದೆ: ಒಂದು ಅಯಸ್ಕಾಂತಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿ ಮಣ್ಣಿನ ಮೇಲೆಲ್ಲ ಆಡಿಸಬೇಕು. ಕವರಿನ ಮೇಲೆ ಕಪ್ಪು ಗಡ್ಡದ ಹಾಗೆ ಕಬ್ಬಿಣದ ಪುಡಿ ನಿಲ್ಲುತ್ತದೆ. ಅದನ್ನು ತೆಗೆಯದೆ ಹಾಕಿದರೆ ಇಂಜಿನ್ನಿನ ಮೋಟರ್ ಓಡುತ್ತಾ ಓಡುತ್ತಾ ಆ ಪುಡಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಆಮೇಲೆ ಮೋಟರ್ ಬಿಚ್ಚಿ ಕೂರಬೇಕು. ಮಣ್ಣು ಉದುರಿಸಿ, ಮೇಲೆ ನೀರು ಸ್ಪ್ರೇ ಮಾಡಿ, ಅರ್ಧಕ್ಕರ್ಧ ನೀರು ಬೆರೆಸಿದ ಫೆವಿಕಾಲ್ ಹನಿ ಹನಿಯಾಗಿ ಬಿಡಬೇಕು. ಅದರಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ ಇರಲಿ. ಇಲ್ಲದಿದ್ದರೆ ಅಂಟು ಮಣ್ಣಿನೊಳಗೆ ಇಳಿಯದೆ ಮೇಲೇ ಗುಂಡಗೆ ನಿಲ್ಲುತ್ತದೆ.

ಅಡಿಕೆ ಮರ 15 ಮೀಟರ್ ಅಂದುಕೊಂಡರೆ 17 ಸೆಂ.ಮೀ. ಕಾಂಡಕ್ಕೆ ಮತ್ತೆ ಊದುಬತ್ತಿ ಕಡ್ಡಿ, ಸೋಗೆಗೆ ಪಾರಿವಾಳದ ಗರಿ. ನಮ್ಮ ಬಾಲ್ಕನಿಯಲ್ಲಿ ಗರಿಗೆ ಬರ ಇಲ್ಲ. ತೊಳೆದು, ಹಸಿರು ಹಚ್ಚಿ, ನಡುವಿನ ದಂಟಿನ ಎರಡೂ ಬದಿ ಓರೆಯಾಗಿ ಕತ್ತರಿಸಿದರೆ ಆಯಿತು.

ಈಗ ಜಾನ್ ಆಲನ್. ಈ ಹವ್ಯಾಸದಲ್ಲಿ ಯಾರನ್ನೇ ಕೇಳಿ, ಮೊದಲು ಬರುವ ಹೆಸರು ಅವರದ್ದು. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ, ಮನೆಯ ಕೆಳಗಿನ ಕೋಣೆಯಲ್ಲಿ, ಗೋರಿ ಅಂಡ್ ಡಿಫೀಟೆಡ್ ಎಂಬ ಎಚ್‌ಓ ರೈಲ್ವೆ ಕಟ್ಟಿದರು. ಕಣಿವೆ ನೆಲಕ್ಕೆ ಮುಟ್ಟುತ್ತಿತ್ತು, ಬೆಟ್ಟ ಸೂರಿನ ಕಡೆ ಏರುತ್ತಿತ್ತು, ರೈಲು ನಡುವೆ ಎಲ್ಲೋ ಮರದ ಸೇತುವೆ ಮೇಲೆ ಹೋಗುತ್ತಿತ್ತು. ಫೋಟೋಗ್ರಫಿ ಅವರ ಕಸುಬು, ಅದಕ್ಕೇ ಆ ಲೇಔಟ್ ಜಗತ್ತಿಗೆಲ್ಲ ಗೊತ್ತಾಯಿತು. ಗಂಭೀರ ಜನ ಮುಖ ಸಿಂಡರಿಸುವಂಥ ತಮಾಷೆಯೂ ಅವರಲ್ಲಿತ್ತು. ಡಬ್ಬಿ ಎಳೆಯಲು ಎಮ್ಮಾ ಅಂತ ಒಂದು ಸ್ಟೆಗೊಸಾರಸ್ ಇಟ್ಟಿದ್ದರು. ಹೌದು, ಡೈನೊಸಾರ್, ಅದಕ್ಕೊಂದು ನಂಬರ್ ಕೂಡ. 1973ರ ಜನವರಿ 6ಕ್ಕೆ ಆಲನ್ ತೀರಿಕೊಂಡರು. ಹತ್ತು ದಿನದ ಆಸುಪಾಸಿನಲ್ಲಿ ಮನೆಗೆ ಬೆಂಕಿ ಬಿದ್ದು ಇಡೀ ಲೇಔಟ್ ಹೋಯಿತು. ನಾವು ನೋಡುವುದೆಲ್ಲ ಫೋಟೋಗಳನ್ನೇ. ಅವರ ಬಗ್ಗೆ ದೊಡ್ಡ ಪುಸ್ತಕ ಬರೆದವರು ಅದೇ ವೆಸ್ಟ್‌ಕಾಟ್. ಅದು 1981ರಲ್ಲಿ ಹೊರಬಂತು, ಆ ಹೊತ್ತಿಗೆ ವೆಸ್ಟ್‌ಕಾಟ್ ಕೂಡ ಇರಲಿಲ್ಲ.

ಬೆಟ್ಟ, ಸೇತುವೆ ನನ್ನ ಅಳತೆಗೆ ಮೀರಿದ್ದು. ಆಲನ್‌ರಿಂದ ಎರಡು ಸಣ್ಣ ವಿಷಯ ತೆಗೆದುಕೊಂಡೆ, ಧೂಳು ಮತ್ತು ಕನ್ನಡಿ.

ಆಗೆಲ್ಲ ಜನ ಇಂಜಿನ್ನು, ಡಬ್ಬಿಗಳನ್ನು ಷೋರೂಮಿನಿಂದ ಬಂದ ಹಾಗೆ ಫಳಫಳ ಇಡುತ್ತಿದ್ದರು. ದುಡಿದ ವಸ್ತುವಿಗೆ ಮಸಿ, ತುಕ್ಕು, ಮಳೆಯ ಗೆರೆ ಇರುತ್ತದೆ ಅಂತ ತೋರಿಸಿಕೊಟ್ಟವರಲ್ಲಿ ಆಲನ್ ಮುಂದಾಳು. ನನ್ನ ಡಬ್ಬಿಗಳಿಗೆ ಮೊದಲು ಮಂದ ಕೆಂಪುಕಂದು ಬಣ್ಣ. ಅದು ಒಣಗಿದ ಮೇಲೆ ಚಾಕ್ ಪೇಸ್ಟಲ್ ಉಜ್ಜಿ ಪುಡಿ ಮಾಡಿ, ಮೆತ್ತನೆ ಬ್ರಷ್‌ನಲ್ಲಿ ಕೆಳಗಿನಿಂದ ಮೇಲಕ್ಕೆ ಧೂಳು. ಚಕ್ರದ ಹತ್ತಿರ ಹಳಿಯ ಕಂದು, ಬಾಗಿಲಿನ ಸುತ್ತ ಕೈ ಮುಟ್ಟಿದ ಕೊಳೆ. ಮೇಲಿನ ಒಣ ಬೂದು ಬಣ್ಣಕ್ಕೆ ಪೇಸ್ಟಲ್‌ಗಿಂತ ವಿಭೂತಿ ಚೆನ್ನಾಗಿ ಹೊಂದುತ್ತದೆ. ಅಮ್ಮನಿಗೆ ಹೇಳಿಲ್ಲ. ಮುಗಿದ ಮೇಲೆ ದೂರದಿಂದ ಮ್ಯಾಟ್ ವಾರ್ನಿಷ್ ಒಂದು ಸಲ ಬೀಸಿದರೆ ಸಾಕು. ಆದರೆ ಅದು ಪುಡಿಯ ಅರ್ಧವನ್ನು ನುಂಗಿಬಿಡುತ್ತದೆ, ಹಾಗಾಗಿ ಮೊದಲೇ ಸ್ವಲ್ಪ ಜಾಸ್ತಿ ಹಚ್ಚಿಕೊಳ್ಳಬೇಕು.

ಕನ್ನಡಿ ಇನ್ನೂ ಮಜಾ. ಆಲನ್ ತಮ್ಮ ಲೇಔಟ್‌ನಲ್ಲಿ ಅಲ್ಲಲ್ಲಿ ಕನ್ನಡಿ ಬಚ್ಚಿಟ್ಟು ಇಕ್ಕಟ್ಟಾದ ಜಾಗವನ್ನು ಎರಡರಷ್ಟು ಮಾಡಿ ತೋರಿಸುತ್ತಿದ್ದರು. ನನ್ನ ಗೂಡ್ಸ್ ಶೆಡ್ಡಿನ ಹಿಂದೆ ಅಡಿಕೆ ಮಂಡಿಗಳ ಒಂದು ಬೀದಿ ಬೇಕಿತ್ತು. ಇದ್ದ ಜಾಗ ಒಂದು ಅಂಗೈ ಅಗಲ. ಮೂರು ಗೋಡೌನ್ ಕಟ್ಟಿ ಬೀದಿಯ ಕೊನೆಗೆ ಕನ್ನಡಿ ನಿಲ್ಲಿಸಿದೆ. ಮನೆಯಲ್ಲಿರುವ ಸಾದಾ ಕನ್ನಡಿ ಇದಕ್ಕೆ ಆಗಲ್ಲ. ಅದರ ಬೆಳ್ಳಿ ಇರುವುದು ಗಾಜಿನ ಹಿಂದೆ. ಹಾಗಾಗಿ ರಸ್ತೆಗೂ ಅದರ ಪ್ರತಿಬಿಂಬಕ್ಕೂ ನಡುವೆ ಗಾಜಿನ ದಪ್ಪದಷ್ಟು ಗೆರೆ ಕಾಣುತ್ತದೆ, ಗುಟ್ಟು ರಟ್ಟು. ಮುಂಭಾಗಕ್ಕೇ ಬೆಳ್ಳಿ ಇರುವ ಕನ್ನಡಿ ಬೇಕು. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಹಳೇ ಓವರ್‌ಹೆಡ್ ಪ್ರೊಜೆಕ್ಟರ್ ಒಂದರ ತಲೆಯಲ್ಲಿ ಅಂಥದ್ದು ಸಿಕ್ಕಿತು. ಅದರ ಮುಖವನ್ನು ಬೆರಳಲ್ಲಿ ಮುಟ್ಟಬಾರದು, ಒರೆಸಿದರೆ ಗೀರು.

ಇಟ್ಟ ಮೇಲೆ ಇನ್ನೊಂದಿಷ್ಟು ಸಂಗತಿ ಗೊತ್ತಾಯಿತು. ಕನ್ನಡಿ ನೋಡುವವರ ಕಡೆಗೆ ತಿರುಗಿರಬಾರದು, ನಿಮ್ಮದೇ ಮೂಗು ಬೀದಿಯ ಕೊನೆಗೆ ಕಾಣುತ್ತದೆ. ಅಂಚುಗಳನ್ನು ಮರ, ಗೋಡೆ, ಚಾವಣಿಯಲ್ಲಿ ಮುಚ್ಚಬೇಕು. ಆ ಬೀದಿಯಲ್ಲಿ ಬೋರ್ಡ್ ಬರೆಯುವ ಹಾಗಿಲ್ಲ, ಅಕ್ಷರ ತಿರುಗುಮುರುಗು. ಲಾರಿ ಇಟ್ಟರೆ ಕನ್ನಡಿಯೊಳಗಿನ ಲಾರಿಗೆ ಸ್ಟೀರಿಂಗ್ ಎಡಕ್ಕೆ. ಎತ್ತಿನ ಗಾಡಿಗೆ ಆ ತೊಂದರೆ ಇಲ್ಲ, ಅದನ್ನೇ ಇಟ್ಟಿದ್ದೇನೆ. ಈಗ ಮೂರು ಗೋಡೌನ್ ಆರಾಗಿವೆ. ಒಂದು ಗಾಡಿ ಹೋಗುತ್ತಿದೆ, ಒಂದು ಎದುರಿಗೆ ಬರುತ್ತಿದೆ.

ಆ ಗೋಡೌನ್‌ಗಳು ರಟ್ಟಿನವು. ರಟ್ಟಲ್ಲಿ ಇಷ್ಟು ಮಾಡಬಹುದು ಅಂತ ತೋರಿಸಿದ್ದು ಲಂಡನ್ನಿನ ಜಾನ್ ಅಹರ್ನ್. 1930ರ ದಶಕದಲ್ಲೇ ಅವರು ಮ್ಯಾಡರ್ ವ್ಯಾಲಿ ಶುರು ಮಾಡಿದರು. ರೈಲು ಕಾಲ್ಪನಿಕ, ಆದರೆ ಕಟ್ಟಡಗಳಲ್ಲಿ ಎಷ್ಟೋ ಇಂಗ್ಲೆಂಡಿನ ಬೇರೆ ಬೇರೆ ಊರಲ್ಲಿ ಕಂಡ ನಿಜವಾದವುಗಳ ಪ್ರತಿ. ಬರೀ ರೈಲಲ್ಲ, ಊರು, ಹೊಳೆ, ಬೆಟ್ಟ ಎಲ್ಲ ಸೇರಿ ಒಂದು ಸೀಮೆ ಮಾಡಿದವರಲ್ಲಿ ಅವರು ಮೊದಲಿಗರು. ಈ ಲೇಔಟ್ ಉಳಿದಿದೆ. ಆಕ್ಸ್‌ಫರ್ಡ್‌ಶೈರ್‌ನ ಲಾಂಗ್ ವಿಟ್ಟನ್‌ಹ್ಯಾಮ್ ಹಳ್ಳಿಯ ಪೆಂಡನ್ ಮ್ಯೂಸಿಯಂನಲ್ಲಿದೆ. ಇಂಗ್ಲೆಂಡಿಗೆ ಮಕ್ಕಳ ಮನೆಗೆ ಹೋಗುವವರು ಒಂದು ದಿನ ಆ ಕಡೆ ಹೋಗಿ ಬನ್ನಿ. ಅಷ್ಟು ದೂರ ಬೇಡ ಅಂದರೆ ಪುಣೆಯ ಕೋಥ್ರೂಡ್‌ನಲ್ಲಿ ಜೋಶಿಯವರ ಚಿಕ್ಕ ರೈಲುಗಳ ಮ್ಯೂಸಿಯಂ ಇದೆ, 1998ರಿಂದ. ಒಬ್ಬರ ಹುಚ್ಚು ಊರಿಗೇ ಪ್ರದರ್ಶನವಾದ ಕಥೆ ಅದು. ಮಕ್ಕಳಿಗಿಂತ ಅಪ್ಪಂದಿರೇ ಅಲ್ಲಿ ಕಣ್ಣು ಬಾಯಿ ಬಿಟ್ಟು ನಿಲ್ಲುವುದು.

ಹಳಿಯ ಕ್ರಮದಲ್ಲಿ ಮಾತ್ರ ನಾನು ಆಲನ್ ಹಿಂದೆ ಹೋಗಲಿಲ್ಲ. ಅವರದೊಂದು ಶಂಟಿಂಗ್ ಆಟವಿದೆ, ಟೈಮ್‌ಸೇವರ್ ಅಂತ. 1972ರಲ್ಲಿ ಪ್ರಕಟವಾಯಿತು. ಐದು ಪಾಯಿಂಟ್ಸು, ಬೇಕಂತಲೇ ಗಿಡ್ಡ ಮಾಡಿದ ಹಳಿಗಳು, ಗಡಿಯಾರ ಇಟ್ಟುಕೊಂಡು ಡಬ್ಬಿಗಳನ್ನು ಅದರದರ ಜಾಗಕ್ಕೆ ಸೇರಿಸಬೇಕು. ಸ್ಪರ್ಧೆಗೆ ಸರಿ. ಆದರೆ ಅದನ್ನೇ ಸ್ಟೇಷನ್ ಅಂತ ಕಟ್ಟಿಕೊಂಡರೆ ದಿನಾ ಗೋಳು. ಯಾವ ರೈಲ್ವೆಯವರೂ ಅಷ್ಟು ಕೆಟ್ಟ ಯಾರ್ಡ್ ಕಟ್ಟುವುದಿಲ್ಲ.

ಇಂಗ್ಲೆಂಡಿನ ಆಲನ್ ರೈಟ್ ಅವರ ಇಂಗಲ್‌ನುಕ್ ಸೈಡಿಂಗ್ಸ್ ನನಗೆ ಹಿಡಿಸಿತು. ಎರಡೇ ಪಾಯಿಂಟ್ಸು. ಮೂರು ಹಳಿ. ಉದ್ದದ್ದರಲ್ಲಿ ಐದು ಡಬ್ಬಿ ಹಿಡಿಯಬೇಕು, ಉಳಿದೆರಡರಲ್ಲಿ ಮೂರು ಮೂರು. ಪಾಯಿಂಟ್ಸಿನ ಈಚೆ ತುದಿಯಲ್ಲಿ ಇಂಜಿನ್ ಜೊತೆ ಮೂರು ಡಬ್ಬಿಗೆ ಮಾತ್ರ ಜಾಗ. ನನ್ನ ಡಬ್ಬಿ ಕಪ್ಲಿಂಗ್ ಸೇರಿ 8.5 ಸೆಂ.ಮೀ., ಇಂಜಿನ್ 18. ಅಲ್ಲಿಗೆ ಇಂಜಿನ್ನು, ಮೂರು ಡಬ್ಬಿಗೆ 44, ಪಾಯಿಂಟ್ಸಿಗೆ 16, ಐದು ಡಬ್ಬಿಗೆ 43. ನಾಲ್ಕಡಿಯೊಳಗೆ ಇನ್ನೂ ಕೈಯಾಡಿಸಲು ಜಾಗ ಉಳಿಯಿತು.

ಆಟ ಹೀಗೆ. ಎಂಟು ಡಬ್ಬಿಗೆ ಎಂಟು ಚೀಟಿ. ಲೋಟದಿಂದ ಐದು ಚೀಟಿ ಎತ್ತಬೇಕು. ಎತ್ತಿದ ಕ್ರಮದಲ್ಲೇ ಐದು ಡಬ್ಬಿಯ ರೈಲು ಉದ್ದದ ಹಳಿಯಲ್ಲಿ ನಿಲ್ಲಬೇಕು. 8×7×6×5×4, ಅಂದರೆ 6,720 ಬೇರೆ ಬೇರೆ ರೈಲು. ದಿನಕ್ಕೊಂದರಂತೆ ಆಡಿದರೂ ಮುಗಿಸಲು ಹದಿನೆಂಟು ವರ್ಷಕ್ಕೂ ಜಾಸ್ತಿ ಬೇಕು. ಡಬ್ಬಿ ಬಿಡಿಸಲು ಬಳಸುವುದು ಅದೇ ಊದುಬತ್ತಿ ಕಡ್ಡಿ. ಡಬ್ಬಿಗಳನ್ನು ಜೋಡಿಸುವ ಕೆಡೀ ಕಂಪನಿಯ ಕಪ್ಲಿಂಗಿನ ಎರಡು ಬೆರಳ ನಡುವೆ ಚೂಪು ತುದಿ ಇಳಿಸಿ ಸ್ವಲ್ಪ ತಿರುಗಿಸಿದರೆ ಟಕ್ ಅಂತ ಬಿಡುತ್ತದೆ. ಹಲಗೆ ಮಟ್ಟವಾಗಿರಬೇಕು, ಇಲ್ಲದಿದ್ದರೆ ಬಿಡಿಸಿದ ಡಬ್ಬಿ ತಾನೇ ಹೊರಟುಬಿಡುತ್ತದೆ. ಶಂಟಿಂಗ್‌ನಲ್ಲಿ ಇಂಜಿನ್ ಇರುವೆಯ ವೇಗಕ್ಕೆ ನಡೆಯಬೇಕಾದ್ದರಿಂದ ಪಾಯಿಂಟ್ಸಿನ ನಡುವಿನ ತುಂಡಿಗೂ ಕರೆಂಟ್ ಹೋಗುವಂಥದ್ದನ್ನೇ ಕೊಳ್ಳಿ. ಪ್ಲಾಸ್ಟಿಕ್ ತುಂಡಿನದು ಅಗ್ಗ, ಆದರೆ ಇಂಜಿನ್ ಅಲ್ಲೇ ಮುಗ್ಗರಿಸುತ್ತದೆ. ವಾರಕ್ಕೊಮ್ಮೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹಳಿ ಒರೆಸಬೇಕು. ಬೆಂಗಳೂರಿನ ಧೂಳು ಬಿಟ್ಟಿಯಾಗಿ ಬರುತ್ತಲೇ ಇರುತ್ತದೆ.

ಇದನ್ನು ಒಬ್ಬರೇ ಆಡಬಹುದು, ಆದರೆ ಇಬ್ಬರಿದ್ದರೆ ಸೊಗಸು. ಒಬ್ಬರು ಡ್ರೈವರ್, ಒಬ್ಬರು ಶಂಟಿಂಗ್ ಮಾಸ್ಟರ್. ಪಕ್ಕದ ಮನೆಯ ಹುಡುಗ ಬರುತ್ತಾನೆ. "ಅಂಕಲ್, ಮೂರನೇದನ್ನ ಮೊದ್ಲು ಆಚೆ ಹಾಕಿ" ಅಂತ ಆಜ್ಞೆ ಮಾಡುತ್ತಾನೆ, ಬಹಳ ಸಲ ಅವನು ಹೇಳಿದ್ದೇ ಸರಿ ಇರುತ್ತದೆ. ಅವನಿಗೆ ಪರೀಕ್ಷೆ ಬಂದಾಗ ನನಗೆ ಪಾದ್ರಿ ಪೀಟರ್ ಡೆನ್ನಿ ನೆನಪಾಗುತ್ತಾರೆ. ಇಂಗ್ಲೆಂಡಿನ ಚರ್ಚಿನ ಪಾದ್ರಿ, ಎರಡನೇ ಮಹಾಯುದ್ಧ ಮುಗಿದ ಹೊತ್ತಿಗೆ, ಸಾಮಾನೇ ಸಿಗದ ಕಾಲದಲ್ಲಿ, ಬಕಿಂಗ್‌ಹ್ಯಾಮ್ ಬ್ರಾಂಚ್ ಎಂಬ ಲೇಔಟ್ ಶುರು ಮಾಡಿದವರು. ಹಳಿ, ಇಂಜಿನ್ನು, ಬೋಗಿ ಬಹುಪಾಲು ಕೈಕೆಲಸ. ಸ್ಟೇಷನ್‌ನಿಂದ ಸ್ಟೇಷನ್‌ಗೆ ಗಂಟೆ ಬಾರಿಸಿ ಅನುಮತಿ ಕೇಳಿಯೇ ರೈಲು ಬಿಡಬೇಕು, ಟೈಮ್‌ಟೇಬಲ್ ಪ್ರಕಾರ. ಇನ್ನೊಂದು ತುದಿಯಲ್ಲಿ ಕೂರುತ್ತಿದ್ದ ಮಗ ಕ್ರಿಸ್ಪಿನ್ ಇಲ್ಲದ ಹೊತ್ತಿಗೆ ಅವರು ಒಂದು ಯಂತ್ರ ಕಟ್ಟಿದರು. ಅದು ತಾನೇ ಗಂಟೆಗೆ ಉತ್ತರ ಕೊಡುತ್ತಿತ್ತು, ಆ ಕಡೆಯ ಕೆಲಸ ನೋಡಿಕೊಳ್ಳುತ್ತಿತ್ತು. ಹೆಸರು ಆಟೋಮ್ಯಾಟಿಕ್ ಕ್ರಿಸ್ಪಿನ್. ಕಂಪ್ಯೂಟರ್ ಮನೆಗೆ ಬರದ ಕಾಲದ ಮಾತಿದು. ಡೆನ್ನಿ 2009ರಲ್ಲಿ ತೀರಿಕೊಂಡರು. ಬಕಿಂಗ್‌ಹ್ಯಾಮ್ ಉಳಿದಿದೆ, ಇನ್ನೊಬ್ಬರ ಕೈಯಲ್ಲಿ ಓಡುತ್ತಲೂ ಇದೆ.

ನನ್ನ ಮುಂದಿನ ಕೆಲಸ ಎಡಗಡೆಯ ಕಂಡಿಯ ಆಚೆಯದು. ಎರಡಡಿಯ ಇನ್ನೊಂದು ಹಲಗೆ, ಅದರ ಮೇಲೆ ಜಾರುವ ಪಟ್ಟಿಯಲ್ಲಿ ನಾಲ್ಕು ಹಳಿ, ತರೀಕೆರೆ ಕಡೆಯಿಂದ ಬರುವ ರೈಲುಗಳು ಅಲ್ಲಿ ಕಾದು ನಿಲ್ಲಬೇಕು. ಜೊತೆಗೆ ಒಂದು ಗಂಟೆ. ಸೈಕಲ್ ಬೆಲ್ಲು, ಅದಕ್ಕೆ ಹೊಡೆಯಲು ಒಂದು ಸಣ್ಣ ಸೊಲೆನಾಯ್ಡು, ಈ ತುದಿಯಲ್ಲೊಂದು ಗುಂಡಿ. ಸೊಲೆನಾಯ್ಡ್ ತಂದಾಗಿದೆ. ಬಡಗಿಗೂ ಹೇಳಿದ್ದೇನೆ. ಈ ಸಲವೂ ದೇವರ ಮನೆಗೇ ಅಂತ ಹೇಳಿದರೆ ಅವನು ನಂಬುವುದು ಕಷ್ಟ.